ಕೋಟಿಗೆ ಹಾಕಿದ ಇಸ್ತ್ರಿ

ಇಸ್ತ್ರಿಯಮ್ಮನ ಮನೆಯಿಂದ ಸುಕ್ಕು ಬಿದ್ದ ಬಟ್ಟೆ ಹೊರಗೆ ಹೋದದ್ದನ್ನು ಆ ಬೀದಿಯವರು ಯಾರೂ ನೋಡಿದ್ದಿಲ್ಲ. ಇಪ್ಪತ್ತೆರಡು ವರ್ಷದಿಂದ ಮುಂದಿನ ಕೋಣೆಯ ಉದ್ದನೆಯ ಮೇಜಿನ ಹಿಂದೆ ನಿಂತು ಅವಳು ಊರವರ ಅಂಗಿ, ಪ್ಯಾಂಟು, ಪರದೆ, ಹಾಸುಗಳನ್ನು ತಿಕ್ಕಿ ತಿಕ್ಕಿ ಕೊಡುತ್ತಾ ಬಂದಿದ್ದಳು. ಬೇರೆಯವರ ಬಟ್ಟೆಗೇ ಇಷ್ಟು ಅಂದಮೇಲೆ ಸ್ವಂತ ಮನೆಯವರದು ಕೇಳಬೇಕೆ? ಗಂಡನ ಕರ್ಚೀಫು, ಮಗಳ ಕೂದಲಿಗೆ ಕಟ್ಟುವ ಪಟ್ಟಿ, ಅಷ್ಟೇ ಏಕೆ, ಪಾತ್ರೆ ಒರೆಸುವ ಬಟ್ಟೆಗೂ ನಾಲ್ಕು ಮೂಲೆ ಕೂಡಿಸಿ ಇಸ್ತ್ರಿ ಬೀಳಬೇಕು. “ನಿನ್ನ ಕೈಗೆ ಕೊಟ್ಟರೆ ನನ್ನ ಮುಖದ ಸುಕ್ಕನ್ನೂ ತಿಕ್ಕಿಬಿಡ್ತೀಯ” ಎಂದು ಅತ್ತೆ ಹೇಳುತ್ತಿದ್ದಳು. ಅದು ಹೊಗಳಿಕೆಯಲ್ಲ ಅನ್ನುವುದು ಸೊಸೆಗೂ ಗೊತ್ತಿತ್ತು.

ಅತ್ತೆಗೆ ಎಪ್ಪತ್ತೆಂಟು. ಅವಳ ಆಸ್ತಿಯೆಂದರೆ ಹತ್ತಿ ತುಂಬಿದ ಒಂದು ಹಳೆಯ ರಜಾಯಿ. ಬೆಳಗಾದರೆ ಅದನ್ನು ಹಿತ್ತಲ ಗೋಡೆಯ ಮೇಲೆ ಹಾಕಿ, ಕೋಲು ತೆಗೆದುಕೊಂಡು, ಹಳೆಯ ಹಗೆ ತೀರಿಸುವವಳ ಹಾಗೆ ಬಡಿಯುತ್ತಿದ್ದಳು. ಧೂಳು ಎದ್ದು ಕಿಟಕಿಯಿಂದ ತೂರಿ ನೇರವಾಗಿ ಸೊಸೆಯ ಮೇಜಿಗೆ ಬರುತ್ತಿತ್ತು.

“ಅತ್ತೆ, ಬಿಳಿ ಅಂಗಿ ಇದೆ ಇಲ್ಲಿ!”

“ಇರಲಿ. ಬಡಿದರೆ ಹತ್ತಿ ಉಬ್ಬುತ್ತೆ. ಉಬ್ಬಿದರೆ ರಾತ್ರಿ ಬೆಚ್ಚಗಿರುತ್ತೆ. ಚಪ್ಪಟೆ ಮಾಡಿಕೊಂಡು ಹೊದ್ದರೆ ಏನು ಸುಖ?”

“ಉಬ್ಬೋದು ನಿಮ್ಮ ಹತ್ತಿ, ಬೈಸಿಕೊಳ್ಳೋದು ನಾನು.”

ಇದು ದಿನಾ ಇದ್ದದ್ದೇ. ಗಂಡ ಈ ಜಗಳದ ನಡುವೆ ಕೂತು ಶಾಂತವಾಗಿ ಚಹಾ ಕುಡಿದು, ಕಪ್ಪು ತೊಳೆದಿಟ್ಟು, ಕೆಲಸಕ್ಕೆ ಹೋಗುತ್ತಿದ್ದ. ಅವನು ಮಾತಿನ ಮನುಷ್ಯನಲ್ಲ. ಹದಿನೆಂಟು ವರ್ಷದಿಂದ ಊರಾಚೆಯ ಶೀತಲ ಗೋದಾಮಿನ ಹಣ್ಣಿನ ಅಂಗಳದಲ್ಲಿ ಪೆಟ್ಟಿಗೆ ಎತ್ತಿ ಇಳಿಸುವುದು ಅವನ ಕೆಲಸ. ಅಲ್ಲಿ ತಂಪಿತ್ತೇ ಹೊರತು ಚಳಿಯಿರಲಿಲ್ಲ.

ಆ ವರ್ಷ ಹಣ್ಣಿನ ಅಂಗಳವನ್ನು ಮುಚ್ಚಿದರು. ಮೇಸ್ತ್ರಿ ಅವನನ್ನು ಕರೆದು, “ಮೀನು ಹೆಪ್ಪುಗಟ್ಟಿಸೋ ಕೋಣೆಗೆ ಬರ್ತೀಯೋ, ಮನೆಗೆ ಹೋಗ್ತೀಯೋ?” ಎಂದು ಕೇಳಿದ. ಐವತ್ತೆರಡನೆಯ ವಯಸ್ಸಿನಲ್ಲಿ ಮನೆಗೆ ಹೋದವನನ್ನು ಮತ್ತೆ ಯಾರು ಕರೆಯುತ್ತಾರೆ? ಅವನು ಬರ್ತೀನಿ ಅಂದ. ಮೂರು ತಿಂಗಳ ಪರೀಕ್ಷೆ. ಒಳಗೆ ನಲವತ್ತು ನಿಮಿಷ ಕೆಲಸ, ಆಮೇಲೆ ಗಂಟೆ ಹೊಡೆದಾಗ ಹೊರಗೆ ಬಂದು ಹೀಟರಿನ ಮುಂದೆ ಹದಿನೈದು ನಿಮಿಷ. ಗಂಟೆಗೆ ಮುಂಚೆ ಯಾರಾದರೂ ಹೊರಗೆ ಬಂದರೆ ಬಾಗಿಲ ಪಕ್ಕದ ಹಲಗೆಯ ಮೇಲೆ ಅವನ ಹೆಸರಿನ ಮುಂದೆ ಮೇಸ್ತ್ರಿ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಾನೆ. ಮೂರು ಗೀಟಾದರೆ ಕೆಲಸ ಹೋಯಿತು ಎಂದೇ ಲೆಕ್ಕ.

ಮೊದಲ ದಿನ ಅವನು ಕಂಪನಿಯ ಕೋಟು ಹಾಕಿಕೊಂಡು ಮನೆಗೆ ಬಂದಾಗ ಇಸ್ತ್ರಿಯಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ನಕ್ಕಳು. ನೀಲಿ ಬಣ್ಣದ ಆ ಕೋಟು ದಿಂಬುಗಳನ್ನು ಸಾಲಾಗಿ ಹೊಲಿದ ಹಾಗೆ ಎಲ್ಲ ಕಡೆ ಊದಿಕೊಂಡಿತ್ತು. ತೋಳುಗಳು ದೇಹದಿಂದ ದೂರ ನಿಂತಿದ್ದವು. ಮುಖ ಮಾತ್ರ ಮೇಲೆ ಸಣ್ಣಗೆ ಕಾಣುತ್ತಿತ್ತು.

“ಇದೇನ್ರೀ ಇದು, ಹಾಸಿಗೆ ಹೊತ್ತುಕೊಂಡು ಓಡಿಬಂದ ಹಾಗಿದೆ!”

“ಬೆಚ್ಚಗಿದೆ,” ಎಂದ ಗಂಡ. ಅದನ್ನು ಹೇಳುವಾಗ ಅವನ ಮುಖದಲ್ಲಿ ಸಮಾಧಾನವಿತ್ತು.

“ಬೆಚ್ಚಗಿದ್ದರೆ ಸಾಕಾ? ಇಸ್ತ್ರಿಯಮ್ಮನ ಗಂಡ ಬೀದಿಯಲ್ಲಿ ಹೀಗೆ ಹೋಗ್ತಾನಾ? ಮೀನಿನ ವಾಸನೆ ಬೇರೆ. ಇದು ಗಿರಾಕಿಗಳ ಬಟ್ಟೆಗೆ ಹತ್ತಿದರೆ ನನ್ನ ಕಥೆ ಮುಗೀತು.”

ವಾಸನೆಯ ಮಾತು ಸುಳ್ಳಲ್ಲ. ಎರಡು ಕೋಣೆಯ ಮನೆ, ಮೊಳೆಗೆ ಕೋಟು ನೇತುಹಾಕಿದರೆ ಊಟದ ತಟ್ಟೆಯವರೆಗೂ ಮೀನು ಬರುತ್ತಿತ್ತು. ಭಾನುವಾರ ಅವಳು ಅದನ್ನು ಒಗೆದು ಒಣಗಿಸಿ, ಮೇಜಿನ ಮೇಲೆ ಹರಡಿದಳು. ಉಡುಪಿನ ಅಂಗಡಿಯಲ್ಲಿ ಮಾರಾಟದ ಕೆಲಸ ಮಾಡುವ ಮಗಳು ಅಲ್ಲೇ ಕೂತು ಮೊಟ್ಟೆ ಸುಲಿಯುತ್ತಿದ್ದಳು. ಕೊರಳಪಟ್ಟಿಯ ಒಳಗಿನ ಚೀಟಿ ನೋಡಿ, “ಅಮ್ಮಾ, ಇಸ್ತ್ರಿಪೆಟ್ಟಿಗೆ ಚಿತ್ರದ ಮೇಲೆ ಅಡ್ಡಗೀಟು ಹಾಕಿದ್ದಾರೆ. ಇದಕ್ಕೆ ಇಸ್ತ್ರಿ ಹಾಕಬಾರದು,” ಅಂದಳು.

“ಆ ಗೀಟು ಕೈ ಪಳಗದೇ ಇರೋರಿಗೆ,” ಎಂದಳು ತಾಯಿ. “ಮದುವೆ ಹೆಣ್ಣಿನ ರೇಷ್ಮೆಗೂ ಅದೇ ಗೀಟು ಇತ್ತು. ಒದ್ದೆ ಬಟ್ಟೆ ಮೇಲೆ ಹಾಸಿ ಹಾಕಿದೆ. ಏನಾಯ್ತು? ಒಂದು ಎಳೆ ಸುಟ್ಟಿತಾ?”

“ಅವರು ಸುಮ್ಮಸುಮ್ಮನೆ ಬರೆದಿರಲ್ಲ.”

“ನೀನು ಅಂಗಡಿಯಲ್ಲಿ ಎರಡು ವರ್ಷ ಬಟ್ಟೆ ಮಾರಿದ್ದೀಯ. ನಾನು ಬಟ್ಟೆ ಜೊತೆ ಬಾಳುವೆ ಮಾಡಿದ್ದೀನಿ. ಮೊಟ್ಟೆ ಸುಲಿ.”

ಒದ್ದೆ ಬಟ್ಟೆ ಹಾಸಿ, ಹದವಾದ ಬಿಸಿಯಲ್ಲಿ, ಮೈಭಾರ ಬಿಟ್ಟು ಒತ್ತಿದಳು. ಹಬೆ ಎದ್ದಿತು, ಅದರ ಜೊತೆ ಮೀನಿನ ವಾಸನೆಯೂ ಎದ್ದು ಹೋಯಿತು. ಮೇಲಿನ ನೀಲಿ ಬಟ್ಟೆಗೆ ಒಂದು ಕಲೆಯಾಗಲಿಲ್ಲ, ಮಿರುಗಾಗಲಿಲ್ಲ. ಊದಿಕೊಂಡಿದ್ದೆಲ್ಲ ಇಳಿದು, ತೋಳಿಗೆ ಅಂಚು ಬಂದು, ಕೋಟು ಕೋಟಿನ ಹಾಗಾಯಿತು. “ನೋಡು,” ಎಂದು ಮಗಳಿಗೆ ತೋರಿಸಿದಳು. ಮಗಳಿಗೆ ತಪ್ಪು ಹುಡುಕಲು ಏನೂ ಸಿಗಲಿಲ್ಲ.

ಸೋಮವಾರ ಸಂಜೆ ಗಂಡ ಅಪರೂಪಕ್ಕೆ ಬಾಯಿಬಿಟ್ಟ. “ಮೇಸ್ತ್ರಿ ಸಲಾಮು ಹೊಡೆದ. ಸಾಹೇಬರು ಬಂದರು, ದಾರಿ ಬಿಡಿ ಅಂದ. ಎಲ್ಲರೂ ನಕ್ಕರು.”

“ನೀವೇನಂದ್ರಿ?”

“ನನ್ನ ಹೆಂಡ್ತಿ ಕೈಕೆಲಸ ಅಂದೆ.”

ಅವಳು ಬೇಳೆ ಬಡಿಸುತ್ತಿದ್ದವಳು ಇನ್ನೊಂದು ಸೌಟು ಜಾಸ್ತಿ ಹಾಕಿದಳು. ಮದುವೆಯಾಗಿ ಇಪ್ಪತ್ತಮೂರು ವರ್ಷಕ್ಕೆ ಅವನು ಊರೆದುರು ಅವಳ ಹೆಸರು ಹೇಳಿಕೊಂಡಿದ್ದು ಇದೇ ಮೊದಲು.

ಮೂರನೆಯ ವಾರ ಅವನು ಮನೆಗೆ ಬಂದವನು ಚಪ್ಪಲಿ ಬಿಡುವುದಕ್ಕೇ ಒದ್ದಾಡಿದ. ಬೆರಳುಗಳು ಬಗ್ಗಲಿಲ್ಲ. ಗಂಜಿಯ ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು, ಕುಡಿಯದೆ, ಸುಮ್ಮನೆ ಕೂತಿದ್ದ. ಹಲ್ಲು ಕಟಕಟ ಅನ್ನುವುದು ಒಳಕೋಣೆಯವರೆಗೂ ಕೇಳುತ್ತಿತ್ತು.

“ಏನಾಯ್ತೋ?” ಎಂದಳು ಅವನ ತಾಯಿ.

“ಚಳಿ ಜಾಸ್ತಿ ಮಾಡಿದ್ದಾರೆ ಅನ್ಸುತ್ತೆ.”

“ಜಾಸ್ತಿ ಮಾಡಿದರೆ ಎಲ್ಲರಿಗೂ ಮಾಡ್ತಾರೆ. ನಿನಗೆ ಮೈಯಲ್ಲಿ ಕಸುವಿಲ್ಲ. ಕೊಡೋದಾದರೂ ಏನು ಈ ಮನೆಯಲ್ಲಿ? ಬೇಳೆ, ಆಲೂಗಡ್ಡೆ, ಬೇಳೆ. ಮೊಟ್ಟೆ ಎಲ್ಲ ನಿನ್ನ ಮಗಳಿಗೆ.”

“ಅಜ್ಜಿ, ನಾನು ತಿನ್ನೋದು ವಾರಕ್ಕೆ ಎರಡು!” ಎಂದು ಮಗಳು ಒಳಗಿನಿಂದ ಕೂಗಿದಳು.

“ಎರಡು ಎರಡೇ.”

ಮಾರನೆಯ ದಿನದಿಂದ ಮೊಟ್ಟೆ ಅವನ ತಟ್ಟೆಗೆ ಬಂತು. ಅವನು ಅದರಲ್ಲಿ ಅರ್ಧ ಮುರಿದು ಮಗಳ ತಟ್ಟೆಗೆ ಹಾಕುತ್ತಿದ್ದ, ಅವಳು ಅದನ್ನು ಅಜ್ಜಿಗೆ ದಾಟಿಸುತ್ತಿದ್ದಳು, ಅಜ್ಜಿ ಬೈದುಕೊಂಡೇ ತಿನ್ನುತ್ತಿದ್ದಳು. ಇಸ್ತ್ರಿಯಮ್ಮ ಮಾತ್ರ ಬೇರೆ ಉಪಾಯ ಹುಡುಕಿದಳು. ಬೆಂಕಿಯಂತಹ ಇಸ್ತ್ರಿಪೆಟ್ಟಿಗೆ ಮನೆಯಲ್ಲಿರುವಾಗ ಗಂಡ ತಣ್ಣಗಿನ ಕೋಟು ಹಾಕಿಕೊಂಡು ಹೋಗುವುದು ಯಾಕೆ? ವಾರಕ್ಕೊಮ್ಮೆ ಇದ್ದದ್ದನ್ನು ದಿನಾ ಬೆಳಿಗ್ಗೆ ಮಾಡಿದಳು. ಅವನು ಹೊರಡುವ ಹೊತ್ತಿಗೆ ಸರಿಯಾಗಿ ಕೋಟಿನ ಬೆನ್ನು, ಎದೆ, ತೋಳು ಎಲ್ಲವನ್ನೂ ಒತ್ತಿ ಒತ್ತಿ ಬಿಸಿ ಮಾಡಿ, ಆರುವ ಮುಂಚೆ ತಾನೇ ಅವನ ಹೆಗಲಿಗೆ ತೊಡಿಸುತ್ತಿದ್ದಳು. ಅವನು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಆ ಮುಖ ನೋಡಿದರೆ ಅವಳಿಗೆ ಬೆಳಗಿನ ಆಯಾಸವೆಲ್ಲ ಮರೆತುಹೋಗುತ್ತಿತ್ತು.

ಆದರೂ ಚಳಿ ದಿನದಿಂದ ದಿನಕ್ಕೆ ಏರುತ್ತಲೇ ಹೋಯಿತು. ಅವನು ಕೋಟಿನ ಒಳಗೆ ಒಂದು ಸ್ವೆಟರ್ ಹಾಕಿದ, ಆಮೇಲೆ ಅದರ ಮೇಲೆ ಮತ್ತೊಂದು. ಕೋಟು ಬಿಗಿಯಾಗಿ, ಗುಂಡಿ ಎಳೆದು ಹಾಕಬೇಕಾಯಿತು. ಪೆಟ್ಟಿಗೆ ಎತ್ತುವಾಗ ಬೆವರುತ್ತಿದ್ದ, ಎತ್ತಿ ಮುಗಿದ ಮೇಲೆ ಒದ್ದೆಯಾದ ಬನಿಯನ್ ಬೆನ್ನಿಗೆ ಮಂಜಿನಂತೆ ಅಂಟುತ್ತಿತ್ತು. ಒಂದು ಸಂಜೆ ಅವನು ಆ ಬನಿಯನ್ ಕಳಚಿ ಕೊಟ್ಟಾಗ ಇಸ್ತ್ರಿಯಮ್ಮನ ಕೈ ಝುಮ್ಮೆಂದಿತು.

“ಇದು ಇಷ್ಟು ತಣ್ಣಗಿದೆಯಲ್ಲ!”

“ನನ್ನ ಮೈಯೂ ಅಷ್ಟೇ ತಣ್ಣಗಿದೆ, ಮುಟ್ಟಿ ನೋಡು,” ಎಂದ ಅವನು. ತಮಾಷೆಗೆ ಹೇಳಿದ್ದ. ಮುಟ್ಟಿದ ಮೇಲೆ ಇಬ್ಬರೂ ನಗಲಿಲ್ಲ.

ಏಳನೆಯ ವಾರ ಮೊದಲ ಗೀಟು ಬಿತ್ತು. ಒಂಬತ್ತನೆಯ ವಾರ ಎರಡನೆಯದು. ಅದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದ್ದು ದಪ್ಪಣ್ಣ. ಅವನು ಗಂಡನ ಜೊತೆಯೇ ಹಣ್ಣಿನ ಅಂಗಳದಿಂದ ಮೀನಿನ ಕೋಣೆಗೆ ಬಂದವನು. ಹೆಸರಿಗೆ ದಪ್ಪಣ್ಣ, ಮೈಯಲ್ಲಿ ಎರಡು ಹಿಡಿ ಮಾಂಸವಿಲ್ಲ, ಗಾಳಿ ಬಂದರೆ ಕಂಬ ಹಿಡಿದುಕೊಳ್ಳಬೇಕು. ಅವನು ಅಂಗಿ ಇಸ್ತ್ರಿಗೆ ಕೊಡಲು ಬಂದವನು, “ಅಕ್ಕಾ, ಇನ್ನೊಂದು ಗೀಟು ಬಿದ್ದರೆ ಕಷ್ಟ. ಮೂರು ತಿಂಗಳಿಗೆ ಇನ್ನು ಮೂರೇ ವಾರ. ಸ್ವಲ್ಪ ಧೈರ್ಯ ಹೇಳಿ ಅವನಿಗೆ,” ಎಂದು ಪಿಸುಗುಟ್ಟಿ ಹೋದ.

ಧೈರ್ಯ ಹೇಳುವುದು ಅವಳಿಗೆ ಬರುತ್ತಿದ್ದ ವಿದ್ಯೆಯಲ್ಲ. ಊಟಕ್ಕೆ ಕೂತಾಗ, ಅತ್ತೆ ಮಗಳ ಎದುರೇ, ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

“ಗಂಟೆ ಹೊಡೆಯೋ ಮುಂಚೆ ಓಡಿ ಬರ್ತೀರಂತೆ?”

ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ. “ಆಗಲ್ಲ ಕಣೆ.”

“ದಪ್ಪಣ್ಣನಿಗೆ ಆಗುತ್ತೆ. ಕಡ್ಡಿ ಹಾಗಿದ್ದಾನೆ, ಊದಿದರೆ ಬೀಳ್ತಾನೆ, ಅವನು ನಿಲ್ತಾನೆ. ನೀವು ಇಷ್ಟುದ್ದ ಇದ್ದೀರಿ. ಎರಡು ಸ್ವೆಟರು, ಬಿಸಿ ಬಿಸಿ ಕೋಟು, ಮೊಟ್ಟೆ. ಅವನಿಗಿಂತ ನಿಮಗೇನು ಕಮ್ಮಿ ಮಾಡಿದ್ದೀನಿ ನಾನು?”

“ಅಮ್ಮಾ, ಸುಮ್ನಿರು,” ಅಂದಳು ಮಗಳು.

“ಸುಮ್ನಿದ್ದು ಸುಮ್ನಿದ್ದೇ ಇಲ್ಲಿಗೆ ಬಂದಿದೆ. ಮೂರು ವಾರ ಹಲ್ಲು ಕಚ್ಚಿಕೊಂಡು ನಿಲ್ಲೋಕೆ ಆಗಲ್ವಾ ಒಬ್ಬ ಗಂಡಸಿಗೆ?”

ಅತ್ತೆ ಕೂಡ ಆ ದಿನ ಮಗನ ಪರ ವಹಿಸಲಿಲ್ಲ. ಅವಳಿಗೂ ಹೆದರಿಕೆಯಾಗಿತ್ತು. ಗಂಡ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, “ನಿಲ್ತೀನಿ ಬಿಡು,” ಎಂದ. ಅಷ್ಟೇ.

ಅವನು ಕೊಟ್ಟ ಮಾತಿಗೆ ನಿಂತ. ಹತ್ತನೆಯ ವಾರದ ಗುರುವಾರ ಮಧ್ಯಾಹ್ನ, ಅವಳು ಯಾರದೋ ಪರದೆ ಮಡಿಸುತ್ತಿರುವಾಗ, ದಪ್ಪಣ್ಣ ಬರಿಗಾಲಲ್ಲಿ ಓಡಿಬಂದ. ಅವನ ಬಾಯಿಂದ ಮಾತು ತುಂಡು ತುಂಡಾಗಿ ಬಂತು. ಗಂಟೆ ಹೊಡೆದರೂ ಆತ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಹಿಂದಿನ ಸಾಲಿನ ಪೆಟ್ಟಿಗೆಗಳ ನಡುವೆ ಕೂತಿದ್ದ. ಕೈಗವಸು ಬಿಚ್ಚಿ ಪಕ್ಕದಲ್ಲಿಟ್ಟಿದ್ದ. ನಡುಗುತ್ತಲೂ ಇರಲಿಲ್ಲ.

“ಏನೋ ಇದು ಅಂದೆ ಅಕ್ಕಾ. ‘ಈಗ ಚಳಿ ಇಲ್ಲ ಕಣೋ, ಸೆಕೆ’ ಅಂದ. ನಾಲಿಗೆ ತೊದಲ್ತಿತ್ತು. ನನ್ನ ಗುರುತೂ ಸರಿಯಾಗಿ ಹತ್ತಲಿಲ್ಲ.”

ಅವಳು ಇಸ್ತ್ರಿಪೆಟ್ಟಿಗೆಯನ್ನು ಪರದೆಯ ಮೇಲೇ ಬಿಟ್ಟು ಓಡಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಮನೆಯಲ್ಲಿ ಬಟ್ಟೆ ಸುಟ್ಟದ್ದು ಅದೊಂದೇ ಸಲ.

ಆಸ್ಪತ್ರೆಯಲ್ಲಿ ಅವನನ್ನು ಉಳಿಸಿದರು. ಚಳಿ ಮಿತಿಮೀರಿದಾಗ ಮೈಗೆ ಸೆಕೆಯ ಭ್ರಮೆ ಬರುತ್ತದಂತೆ. ಬಲಗೈಯ ಮೂರು ಬೆರಳು, ಎಡಗೈಯ ಎರಡು ಬೆರಳು ಉಳಿಯಲಿಲ್ಲ. ಹೆಪ್ಪುಗಟ್ಟಿ ಕಪ್ಪಾಗಿದ್ದವನ್ನು ಇಟ್ಟುಕೊಂಡರೆ ಕೈಯೇ ಹೋಗುತ್ತದೆಂದು ತೆಗೆದರು. ಇಸ್ತ್ರಿಯಮ್ಮ ಮನೆಯಿಂದ ಇಸ್ತ್ರಿ ಹಾಕಿದ ಎರಡು ದಪ್ಪ ಹೊದಿಕೆಗಳನ್ನು ತಂದಿದ್ದಳು. ವಯಸ್ಸಾದ ನರ್ಸು ಒಬ್ಬಳು ಅವನ್ನು ಕೈಯಲ್ಲಿ ಹಿಡಿದು ನೋಡಿ, ಪಕ್ಕಕ್ಕಿಟ್ಟು, ಆಸ್ಪತ್ರೆಯದೇ ಒಂದು ಮೆತ್ತನೆಯ ಹೊದಿಕೆಯನ್ನು ಸಡಿಲವಾಗಿ ಹೊದಿಸಿದಳು.

“ಬಿಸಿ ಮಾಡಿ ತಂದಿದ್ದೀನಿ, ಇದನ್ನೇ ಹೊದಿಸಿ,” ಎಂದು ಇಸ್ತ್ರಿಯಮ್ಮ ಬೇಡಿಕೊಂಡಳು.

“ಬಟ್ಟೆಯ ಬಿಸಿ ಎಷ್ಟು ಹೊತ್ತು ಇರುತ್ತೆ ತಾಯಿ? ಹತ್ತು ನಿಮಿಷ. ಬಿಸಿ ಮಾಡೋದು ಮೈ. ಬಟ್ಟೆಯ ಕೆಲಸ ಆ ಬಿಸೀನ ಹೊರಗೆ ಹೋಗದ ಹಾಗೆ ಹಿಡಿದಿಟ್ಟುಕೊಳ್ಳೋದು. ಒಳಗೆ ಗಾಳಿ ನಿಂತಿದ್ದರೆ ತಾನೇ ಹಿಡಿಯೋದು? ನೀವು ಇದನ್ನ ಹಪ್ಪಳ ಮಾಡಿ ತಂದಿದ್ದೀರಿ.”

ನರ್ಸು ಮುಂದಿನ ಮಂಚಕ್ಕೆ ಹೋದಳು. ಇಸ್ತ್ರಿಯಮ್ಮ ಅಲ್ಲೇ ನಿಂತಳು. ಅತ್ತೆ ಹಿತ್ತಲ ಗೋಡೆಯ ಮುಂದೆ ದಿನಾ ಬೆಳಿಗ್ಗೆ ಹೇಳುತ್ತಿದ್ದ ಮಾತೂ ಇದೇ ಅಲ್ಲವೆ?

ಹೊರಗೆ ಬೆಂಚಿನ ಮೇಲೆ ದಪ್ಪಣ್ಣ ಕೂತಿದ್ದ. ಪಾಳಿ ಮುಗಿಸಿ ಹಾಗೇ ಬಂದದ್ದು, ಮೈಮೇಲೆ ಕೋಟಿತ್ತು. ಇವಳನ್ನು ನೋಡಿ ಎದ್ದು ನಿಂತ. ಅವಳು ಅವನ ತೋಳನ್ನು ಹಿಡಿದಳು. ಹಿಡಿದ ಬೆರಳುಗಳು ಒಳಗೆ ಹೂತುಹೋದವು. ಎರಡು ಬೆರಳಿನಷ್ಟು ದಪ್ಪವಿತ್ತು. ಬಿಟ್ಟ ಕೂಡಲೇ ಮತ್ತೆ ಊದಿಕೊಂಡಿತು.

“ಇದು ಹೊಸದಾ ದಪ್ಪಣ್ಣ?”

“ಇಲ್ಲಕ್ಕಾ. ನನಗೂ ಅವನಿಗೂ ಒಂದೇ ದಿನ ಕೊಟ್ಟಿದ್ದು. ಒಂದೇ ಗಂಟಿನಿಂದ ತೆಗೆದು ಕೊಟ್ಟರು. ನಮ್ಮನೇಲಿ ಇದನ್ನ ಒಗೆಯೋರೇ ದಿಕ್ಕಿಲ್ಲ, ವಾಸನೆ ಬರ್ತಿರಬಹುದು, ಬೇಜಾರು ಮಾಡ್ಕೋಬೇಡಿ.”

ಅವಳು ಅವನ ತೋಳು ಬಿಡಲಿಲ್ಲ. ಇನ್ನೊಂದು ಸಲ ಒತ್ತಿದಳು. ಅದು ಇನ್ನೊಂದು ಸಲ ಊದಿಕೊಂಡಿತು. ಗಂಡನ ಕೋಟಿನ ತೋಳು ಈಗ ಎಷ್ಟು ತೆಳ್ಳಗಿದೆ ಎನ್ನುವುದು ಅವಳ ಬೆರಳಿಗೆ ಬಾಯಿಪಾಠವಾಗಿತ್ತು. ಒಂದು ದಪ್ಪ ಅಂಗಿಗಿಂತ ಹೆಚ್ಚಿರಲಿಲ್ಲ. ಅವಳೇ ದಿನಾ ಬೆಳಿಗ್ಗೆ, ಮೈಭಾರ ಬಿಟ್ಟು, ಅದರ ಪ್ರಾಣ ಹಿಂಡಿದ್ದಳು.

ಮನೆಗೆ ಬಂದು, ಆಸ್ಪತ್ರೆಯವರು ಕಳಚಿ ಕೊಟ್ಟಿದ್ದ ಗಂಡನ ಕೋಟನ್ನು ಅತ್ತೆಯ ಮುಂದೆ ಇಟ್ಟು ಎಲ್ಲ ಹೇಳಿದಳು. ಮುದುಕಿ ಎಗರಾಡುತ್ತಾಳೆ, ಊರು ಒಂದು ಮಾಡುತ್ತಾಳೆ ಎಂದುಕೊಂಡಿದ್ದಳು. ಮುದುಕಿ ಕೋಟನ್ನು ತೊಡೆಯ ಮೇಲೆ ಎಳೆದುಕೊಂಡು, ಎರಡು ಬೆರಳಲ್ಲಿ ಹಿಸುಕಿ ಹಿಸುಕಿ ನೋಡಿದಳು. ಬೈದಿದ್ದರೆ ಸೊಸೆಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಅವನಿಗೆ ಹೇಳಬೇಡ,” ಎಂದಳು ಕೊನೆಗೆ. “ಗಾಯ ಒಣಗಲಿ. ತಾನೇ ಚಮಚ ಹಿಡಿದು ತಿನ್ನೋ ಹಾಗಾಗಲಿ, ಆಮೇಲೆ ಹೇಳು.”

“ಈಗಲೇ ಹೇಳಬೇಕು ಅಜ್ಜಿ,” ಎಂದಳು ಮಗಳು. “ಅಪ್ಪ ತನ್ನ ಮೈಯೇ ಸರಿಯಿಲ್ಲ ಅಂದ್ಕೊಂಡಿದ್ದಾರೆ.”

“ಅಂದ್ಕೊಳ್ಳಲಿ. ಬದುಕಿದ್ದಾನಲ್ಲ, ಅಷ್ಟು ಸಾಕು.”

ಗಂಡ ಹದಿನೈದು ದಿನಕ್ಕೆ ಮನೆಗೆ ಬಂದ. ಎರಡೂ ಕೈಗೆ ಬಿಳಿ ಪಟ್ಟಿ. ಮಗಳು ತುತ್ತು ಮಾಡಿ ತಿನ್ನಿಸುತ್ತಿದ್ದಳು. ನೋಡಲು ಬಂದವರು ಕೇಳಿದರೆ ಒಂದೇ ಉತ್ತರ. “ಯಾರ ತಪ್ಪೂ ಇಲ್ಲ. ನನ್ನ ಮೈಯಲ್ಲಿ ಕಸುವಿಲ್ಲ. ದಪ್ಪಣ್ಣ ನಿಂತ, ನನಗೆ ನಿಲ್ಲೋಕಾಗಲಿಲ್ಲ.” ಆ ಮಾತು ಕೇಳಿದಾಗಲೆಲ್ಲ ಇಸ್ತ್ರಿಯಮ್ಮ ಏನಾದರೊಂದು ನೆಪ ಮಾಡಿ ಹಿತ್ತಲಿಗೆ ಹೋಗುತ್ತಿದ್ದಳು. ‘ದಪ್ಪಣ್ಣ ನಿಂತ’ ಅನ್ನುವುದು ಅವಳದೇ ಮಾತು. ಊಟದ ಹೊತ್ತಿನಲ್ಲಿ ಅವಳು ಎಸೆದದ್ದನ್ನು ಅವನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದ. ಎಷ್ಟೋ ಸಲ ಹೇಳಿಬಿಡಬೇಕೆಂದು ಅವನ ಮಂಚದ ಪಕ್ಕ ಕೂತಳು. “ಏನೇ?” ಎಂದು ಅವನು ಕೇಳಿದರೆ, “ನೀರು ಬೇಕಾ?” ಅನ್ನುತ್ತಿದ್ದಳು.

ಅಷ್ಟರಲ್ಲಿ ಗೋದಾಮಿನಿಂದ ಕಾಗದ ಬಂತು. ಘಟನೆಯಲ್ಲಿ ಕೆಲಸಗಾರನ ಕಡೆಯಿಂದ ತಪ್ಪಿಲ್ಲವೆಂದಾದರೆ ಅವನಿಗೆ ಗೇಟಿನ ಬಳಿ ಕೂತು ಮಾಡುವ ಕೆಲಸ ಕಾಯಂ ಆಗಿ ಕೊಡುತ್ತಾರೆ, ಕೋಟು ಪರೀಕ್ಷಿಸಲು ಶುಕ್ರವಾರ ಒಬ್ಬರು ಬರುತ್ತಾರೆ ಎಂದಿತ್ತು. ಗಂಡನ ಮುಖ ಎಷ್ಟೋ ದಿನದ ಮೇಲೆ ಅರಳಿತು. “ಗೇಟಿನಲ್ಲಿ ಹೀಟರ್ ಇದೆ,” ಎಂದ. “ಕಿಟಕಿಯಿಂದ ಬಿಸಿಲೂ ಬರುತ್ತೆ. ಲಾರಿ ಬಂದರೆ ಹಗ್ಗ ಎಳೆದರಾಯ್ತು. ಇಷ್ಟು ಬೆರಳು ಸಾಕು ಅದಕ್ಕೆ.”

ಶುಕ್ರವಾರ ಬೆಳಿಗ್ಗೆ ಹಿತ್ತಲಿನಿಂದ ಬಡಿಯುವ ಸದ್ದು ಬಂತು. ಇಸ್ತ್ರಿಯಮ್ಮ ಕಿಟಕಿಯಿಂದ ನೋಡಿದಳು. ಗೋಡೆಯ ಮೇಲೆ ರಜಾಯಿ ಇರಲಿಲ್ಲ, ನೀಲಿ ಕೋಟಿತ್ತು. ಅತ್ತೆ ಕೋಲಿನಿಂದ ಅದನ್ನು ಬಡಿಯುತ್ತಿದ್ದಳು. ಬಡಿದು, ನಿಂತು, ಹಿಸುಕಿ ನೋಡಿ, ಮತ್ತೆ ಬಡಿಯುತ್ತಿದ್ದಳು. ಏದುಸಿರು ಬರುತ್ತಿತ್ತು. ಸೊಸೆ ಓಡಿ ಹೋಗಿ ಕೋಲು ಕಿತ್ತುಕೊಂಡು ತಾನೇ ಬಡಿಯತೊಡಗಿದಳು. ಇಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿದ್ದು ಆ ಮನೆಯಲ್ಲಿ ಅದೇ ಮೊದಲಿರಬೇಕು.

ಮಗಳು ಬಾಗಿಲಲ್ಲಿ ನಿಂತು, “ಬಿಟ್ಟುಬಿಡಿ,” ಎಂದಳು ಮೆಲ್ಲಗೆ. “ಅದು ಹತ್ತಿ ಅಲ್ಲ. ಒಳಗೆ ತುಂಬಿರೋದು ಪ್ಲಾಸ್ಟಿಕ್ಕಿನ ಎಳೆ, ಬಿಸಿಗೆ ಒಂದಕ್ಕೊಂದು ಅಂಟಿಕೊಂಡಿದೆ. ಏನು ಬಡಿದರೂ ಏಳಲ್ಲ.”

ಕೋಟು ಒಂದು ಎಳೆಯಷ್ಟೂ ಏಳಲಿಲ್ಲ. ಚೆನ್ನಾಗಿ ಇಸ್ತ್ರಿ ಹಾಕಿದ ಕೋಟಿನ ಹಾಗೆ ಅಚ್ಚುಕಟ್ಟಾಗಿ ಗೋಡೆಯ ಮೇಲೆ ಮಲಗಿತ್ತು.

“ಅವರು ಬರೋ ಮುಂಚೆ ಅಪ್ಪನಿಗೆ ಹೇಳಿಬಿಡಮ್ಮ.”

“ಹೇಳ್ತೀನಿ,” ಎಂದಳು ತಾಯಿ. ಆದರೆ ಬೀದಿ ಬಾಗಿಲು ತಟ್ಟಿದ ಸದ್ದು ಆಗಲೇ ಕೇಳಿತು.

ಬಂದವನು ಒಳ್ಳೆಯ ಮನುಷ್ಯ. ಚಪ್ಪಲಿ ಬಿಟ್ಟು ಒಳಗೆ ಬಂದ, ಗಾಯ ಹೇಗಿದೆಯೆಂದು ಕೇಳಿದ, ಕೊಟ್ಟ ಚಹಾ ಕುಡಿದ. ಆಮೇಲೆ ಕೋಟನ್ನು ಮಡಿಲಿಗೆ ಹಾಕಿಕೊಂಡು ತೋಳು ಹಿಸುಕಿದ. ಬೆನ್ನು ಹಿಸುಕಿದ. ಕೊರಳಪಟ್ಟಿ ತಿರುಗಿಸಿ ಚೀಟಿ ನೋಡಿದ. ಅವನ ಮುಖ ಸಪ್ಪಗಾಯಿತು.

“ಇದಕ್ಕೆ ಇಸ್ತ್ರಿ ಹಾಕಿದ್ದು ಯಾರು?”

ಇಸ್ತ್ರಿಯಮ್ಮ ಬಾಯಿ ತೆರೆಯುವ ಮುಂಚೆ, ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ ಗಂಡ ಬೆನ್ನು ನೆಟ್ಟಗೆ ಮಾಡಿಕೊಂಡು, ನಗುಮುಖದಲ್ಲಿ ಹೇಳಿದ.

“ನನ್ನ ಹೆಂಡ್ತಿ ಸ್ವಾಮಿ. ಒಂದು ದಿನ ತಪ್ಪಿಸಿಲ್ಲ. ಮೊದಮೊದಲು ವಾರಕ್ಕೊಂದು ಸಲ, ಆಮೇಲೆ ದಿನಾ ಬೆಳಿಗ್ಗೆ. ಬಿಸಿ ಬಿಸಿ ಮಾಡಿ ಹೆಗಲಿಗೆ ಹಾಕೋಳು. ಆ ಹತ್ತು ನಿಮಿಷ ಹೇಗಿರ್ತಿತ್ತು ಅಂತೀರಿ! ಮೇಸ್ತ್ರೀನ ಕೇಳಿ ಬೇಕಾದರೆ, ಇಡೀ ಗೋದಾಮಿನಲ್ಲಿ ನನ್ನ ಕೋಟಿನ ಹಾಗೆ ಯಾರದೂ ಇರಲಿಲ್ಲ.”

ಬಂದವನು ಬರೆದುಕೊಂಡ. ಗಂಡ ನಗುತ್ತಲೇ ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ, ಮಗಳನ್ನು ನೋಡಿದ. ಮೂವರೂ ನೆಲ ನೋಡುತ್ತಿದ್ದರು.

“ಕ್ಷಮಿಸಿ,” ಎಂದ ಬಂದವನು. “ಹಾಕಬಾರದು ಅಂತ ಇದರಲ್ಲೇ ಇದೆ. ಇದರೊಳಗೆ ತುಂಬಿದ್ದ ಎಳೆ ಪೂರ್ತಿ ಸತ್ತುಹೋಗಿದೆ. ಇದನ್ನ ಹಾಕ್ಕೊಂಡು ಆ ಕೋಣೆಯಲ್ಲಿ ಯಾರೂ ಹತ್ತು ನಿಮಿಷ ನಿಲ್ಲೋಕಾಗಲ್ಲ. ನೀವು ಹತ್ತು ವಾರ ಹೇಗೆ ನಿಂತಿರೋ ನನಗೆ ಅರ್ಥ ಆಗ್ತಿಲ್ಲ. ಆದರೆ ನಾನು ಕಂಡದ್ದನ್ನ ಬರೀಲೇಬೇಕು.”

ಅವನು ಕೋಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡ. ಮಡಿಸುವುದಕ್ಕೆ ಕಷ್ಟವಾಗಲಿಲ್ಲ. ಬಾಗಿಲವರೆಗೆ ಮಗಳು ಹೋದಳು.

ಗಂಡ ಹೆಂಡತಿಯನ್ನು ಕೇಳಿದ. “ನಿನಗೆ ಗೊತ್ತಿತ್ತಾ?”

“ಆಸ್ಪತ್ರೆಯಲ್ಲಿ ಗೊತ್ತಾಯ್ತು. ದಪ್ಪಣ್ಣನ ಕೋಟು ಮುಟ್ಟಿದಾಗ.”

“ಹಾಗಾದರೆ ನನ್ನ ಮೈಯಲ್ಲಿ ಕಸುವಿಲ್ಲದ್ದಕ್ಕೆ ಆಗಿದ್ದಲ್ಲ.”

“ಅಲ್ಲ.”

“ದಪ್ಪಣ್ಣನ ಕೋಟಿದ್ದಿದ್ದರೆ ನಾನೂ ನಿಲ್ತಿದ್ದೆ?”

“ನಿಲ್ತಿದ್ರಿ.”

“ಗಂಟೆ ಹೊಡೆಯೋವರೆಗೂ?”

“ಗಂಟೆ ಹೊಡೆಯೋವರೆಗೂ,” ಎಂದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೂಡ ಅವಳಿಗೆ ನಾಚಿಕೆಯಾಯಿತು.

ಅವನು ತಲೆಯಾಡಿಸಿದ. ಪಟ್ಟಿ ಕಟ್ಟಿದ ಕೈಗಳನ್ನು ತೊಡೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಾ ಕೂತ. “ಇಷ್ಟು ದಿನ ನಾನು ಬಂದೋರಿಗೆಲ್ಲ ಹಾಗೆ ಹೇಳ್ತಿದ್ದೆ. ನೀನು ಇಲ್ಲೇ ನಿಂತು ಕೇಳ್ತಿದ್ದೆ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಸ್ವಲ್ಪ ಹೊತ್ತಿಗೆ ಅವನ ಬೆನ್ನು ಸಣ್ಣಗೆ ನಡುಗತೊಡಗಿತು. ಆಸ್ಪತ್ರೆಯಿಂದ ಬಂದಮೇಲೆ ನಡುಹಗಲಲ್ಲೂ ಅವನಿಗೆ ಹಾಗೆ ಚಳಿ ಹತ್ತುತ್ತಿತ್ತು.

ಅತ್ತೆ ಎದ್ದು ಹೋಗಿ ತನ್ನ ರಜಾಯಿ ತಂದು ಸೊಸೆಯ ಕೈಗೆ ಕೊಟ್ಟಳು. ಇಸ್ತ್ರಿಯಮ್ಮ ಅದನ್ನು ಬಿಡಿಸಿ ಗಂಡನಿಗೆ ಹೊದಿಸಿದಳು. ಅದು ಅಂಕುಡೊಂಕಾಗಿ ಬಿತ್ತು. ಹೆಗಲ ಬಳಿ ಒಂದು ದೊಡ್ಡ ಮುದುರು ಎದ್ದಿತ್ತು. ಅವಳ ಅಂಗೈ ತನ್ನಷ್ಟಕ್ಕೆ ತಾನೇ ಮುಂದೆ ಹೋಯಿತು, ಅದನ್ನು ಒತ್ತಿ ಸರಿಮಾಡಲು. ಹೋದದ್ದು ನಡುವೆಯೇ ನಿಂತಿತು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಮಂಚದ ಕಾಲಬಳಿ ಕೂತಳು. ರಜಾಯಿಯ ಮುದುರು ಹಾಗೇ ಇತ್ತು.